ಪಣಂಬೂರಿಗೆ ಬರುವ ಐಷಾರಾಮಿ ಹಡಗು: ಮಂಗಳೂರಿಗೆ ಸಿಗುವುದೆಷ್ಟು?

ಮಂಗಳೂರು: ಕಲ್ಲಿದ್ದಲು, ಕಚ್ಚಾ ತೈಲದ ಹಡಗುಗಳೇ ಕಾಣುವ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗು ಬಂತೆಂದರೆ ಸುದ್ದಿಯೋ ಸುದ್ದಿ. ಕೋವಿಡ್ ಬಳಿಕ, 2022ರ ನವೆಂಬರ್‌ನಲ್ಲಿ ‘ಎಂಎಸ್ ಯುರೋಪಾ 2’ ಬಂದಾಗಲೂ ಹಾಗೇ ಆಯಿತು. ಸ್ವಾಗತ, ಫೋಟೊ ಎಲ್ಲವೂ ಸರಿ. ಊರಿಗೆ ಉಳಿಯುವುದೇನು?

ಬೆಳಗ್ಗೆ ಬಂದ ಹಡಗು ಸಾಮಾನ್ಯವಾಗಿ ಸಂಜೆಗೆ ಹೊರಡುತ್ತದೆ. ಅಷ್ಟರಲ್ಲಿ ಪ್ರವಾಸಿಗರು ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಮರಳಬೇಕು. ನಿದ್ದೆ ಹಡಗಿನಲ್ಲೇ, ಊಟವೂ ಬಹುಪಾಲು ಅಲ್ಲೇ. ಬಸ್, ಟ್ಯಾಕ್ಸಿ, ಗೈಡ್‌ಗಳಿಗೆ ಒಂದು ದಿನದ ದುಡಿಮೆ. ಹೋಟೆಲ್‌ಗಳಿಗೆ ಅದೂ ಇಲ್ಲ.

ಕಾರಣ ಸರಳ. ಮಂಗಳೂರು ದಾರಿ ನಡುವಿನ ನಿಲ್ದಾಣ. ಪ್ರಯಾಣ ಆರಂಭವಾಗುವ ಮುಂಬೈನಂಥ ಬಂದರಿಗೆ ಪ್ರಯಾಣಿಕರು ಮುಂಚಿತವಾಗಿ ಬಂದು ತಂಗುತ್ತಾರೆ. ಹಡಗು ದಿನಸಿ, ತರಕಾರಿ, ನೀರು ತುಂಬಿಸಿಕೊಳ್ಳುವುದೂ ಹೆಚ್ಚಾಗಿ ಅಲ್ಲೇ. ದೊಡ್ಡ ವ್ಯಾಪಾರ ಇರುವುದು ಇದರಲ್ಲಿ.

2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಕ್ರೂಸ್ ಭಾರತ್ ಮಿಷನ್’, 2029ರೊಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ದುಪ್ಪಟ್ಟು ಮಾಡುವ ಗುರಿ ಇಟ್ಟುಕೊಂಡಿದೆ. ಆದರೆ ಹಗಲು ಬಂದು ಹೋಗುವ ಹಡಗುಗಳು ಎಷ್ಟೇ ಹೆಚ್ಚಿದರೂ ಹೋಟೆಲ್ ಕೋಣೆಗಳು ತುಂಬುವುದಿಲ್ಲ. ಮಳೆಗಾಲ ಬಿಟ್ಟರೆ ಉಳಿಯುವ ಕೆಲವೇ ತಿಂಗಳಲ್ಲಿ ಪಣಂಬೂರಿನಿಂದಲೇ ಹೊರಡುವ ಒಂದಾದರೂ ದೇಶಿ ಕ್ರೂಸ್ ಮಾರ್ಗವನ್ನು ಜನಪ್ರತಿನಿಧಿಗಳು ದೆಹಲಿಯಲ್ಲಿ ಪಟ್ಟುಹಿಡಿದು ಕೇಳಬೇಕಿದೆ.