ಉಳಿದ ಕುದುರೆ

ಬಾದಲ್‌ನ ತುಟಿಯ ಮೂಲೆಯಲ್ಲಿ ಜೋಳದ ಕಣಿಕೆಯ ಒಂದು ಎಸಳು ಜೋತಾಡುತ್ತಿತ್ತು. ಬೆಳಿಗ್ಗೆ ಏಳಕ್ಕೆ ನೋಡಿದಾಗಲೂ ಅದೇ ಎಸಳು, ಹನ್ನೊಂದಕ್ಕೆ ತಿರುಗಿ ಹೋದಾಗಲೂ ಅದೇ. ಬಾಯಿಗೆ ಹಾಕಿಕೊಂಡಿದೆ, ಅಗಿಯುವುದನ್ನು ಮರೆತಿದೆ. 31 ವರ್ಷ ಪಶುವೈದ್ಯನಾಗಿ ಸರ್ಕಾರದ ಸಂಬಳ ತಿಂದವನು ನಾನು. ಪ್ರಾಣಿ ಮೇವು ಬಿಟ್ಟರೆ ಜ್ವರ ನೋಡಬೇಕು, ಹಲ್ಲು ನೋಡಬೇಕು, ಲದ್ದಿ ನೋಡಬೇಕು. ಮೂರನ್ನೂ ನೋಡಿದೆ. ಮೂರೂ ಸರಿಯಿದ್ದವು. ಪಕ್ಕದ ಗೂಟ ಮಾತ್ರ ಖಾಲಿಯಿತ್ತು. ಅದು ಮೋತಿಯ ಗೂಟ.

ಚಾಚಾ ವಿಜಯಪುರದ ಟಾಂಗಾವಾಲಾ. ಗೋಳಗುಮ್ಮಟ ನೋಡಲು ಬಂದವರನ್ನು ಬಾರಾ ಕಮಾನು, ಇಬ್ರಾಹಿಂ ರೋಜಾ ಸುತ್ತಿಸಿ ತಂದುಬಿಡುವುದು ಅವರ ದಂಧೆ. ಗಾಡಿ ಒಂದು, ಕುದುರೆ ಎರಡು. ಬೆಳಗಿನ ಪಾಳಿ ಮೋತಿಯದು, ಮಧ್ಯಾಹ್ನದ ಮೇಲೆ ಬಾದಲ್‌ನದು. ಒಂಬತ್ತು ವರ್ಷ ಒಂದೇ ಗಾಡಿ ಎಳೆದವು, ಒಂದು ದಿನವೂ ಜೊತೆಯಾಗಿ ಎಳೆದದ್ದಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಗಾಡಿ ಗಲ್ಲಿಯ ತಿರುವಿಗೆ ಬಂದರೆ ಸಾಕು, ಕೊಟ್ಟಿಗೆಯಲ್ಲಿದ್ದದ್ದು ಕೆನೆಯುತ್ತಿತ್ತು, ಬರುತ್ತಿದ್ದದ್ದು ಉತ್ತರ ಕೊಡುತ್ತಿತ್ತು. ಬೇರೆಯವರ ಟಾಂಗಾ ಹಾದುಹೋದರೆ ಕಿವಿಯನ್ನೂ ಎತ್ತುತ್ತಿರಲಿಲ್ಲ. ಕುದುರೆ ತನ್ನ ಒಡನಾಡಿಯ ರೂಪಕ್ಕೂ ದನಿಗೂ ತಾಳೆ ಹಾಕಿ ಗುರುತು ಹಿಡಿಯುತ್ತದೆಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಚಾಚಾನ ಹೆಂಡತಿ ಅದಕ್ಕೂ ಮೊದಲಿನಿಂದ ಆ ದನಿ ಕೇಳಿಯೇ ಚಹಾಕ್ಕೆ ನೀರಿಡುತ್ತಿದ್ದರು.

ಗಾಡಿ ಬಿಚ್ಚಿದ ಮೇಲೆ ಎರಡೂ ಎದುರುಬದುರಾಗಿ ನಿಂತು, ಒಂದರ ಹೆಗಲ ಮೇಲೆ ಇನ್ನೊಂದು ಮೂತಿಯಿಟ್ಟು, ಜೂಲು ಮುಗಿದು ಬೆನ್ನು ಶುರುವಾಗುವ ಜಾಗವನ್ನು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತಿದ್ದವು. ಸುಮ್ಮನೆ ತುರಿಕೆಗೆ ಮಾಡುವ ಕೆಲಸವಲ್ಲ ಅದು. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದ, 1993ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ: ಸರಿಯಾಗಿ ಅದೇ ಜಾಗ ಕೆರೆದರೆ ಕುದುರೆಯ ಎದೆಬಡಿತ ಇಳಿಯುತ್ತದೆ. ನಿದ್ದೆಯ ಮಾತೂ ಹಾಗೇ. ಕುದುರೆ ನಿಂತೇ ತೂಕಡಿಸುತ್ತದೆ, ನಿಜ. ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ನೆಮ್ಮದಿಯಿಂದ ಮಲಗಬೇಕಾದರೆ ಪಕ್ಕದಲ್ಲಿ ಎಚ್ಚರವಾಗಿ ನಿಲ್ಲುವ ಇನ್ನೊಂದು ಜೀವ ಬೇಕು.

ಏಪ್ರಿಲ್‌ನ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. “ಸಾಹೇಬ್ರ, ಮೋತಿ ಕಾಲ್ ಕೆರಿಲಾಕತ್ತದರಿ. ತಿರುತಿರುಗಿ ಹೊಟ್ಟಿ ನೋಡಕೋತದ.” ಕುದುರೆಗೆ ವಾಂತಿಯಾಗುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು. ಹಾಗಾಗಿ ಅದರ ಹೊಟ್ಟೆಬೇನೆ ಅಂದರೆ ನಮಗೆ ಎದೆ ಡವಗುಟ್ಟುತ್ತದೆ. ಮೂಗಿನಿಂದ ನಳಿಗೆ ಇಳಿಸಿದೆ, ನೋವಿನ ಸೂಜಿ ಕೊಟ್ಟೆ, ಎಣ್ಣೆ ಹಾಕಿದೆ. ಕರುಳು ತಿರುಚಿಕೊಂಡಿತ್ತು. ಅದಕ್ಕೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ಐದಾರು ಗಂಟೆಯೊಳಗೆ ಟಾಂಗಾದ ಕುದುರೆಯನ್ನು ಯಾವ ಊರಿನ ಯಾವ ಮೇಜಿನ ಮೇಲೆ ಮಲಗಿಸುವುದು? ಎರಡೂವರೆಗೆ ಮೋತಿ ಹೋಯಿತು.

ನನ್ನ ತಪ್ಪು ಅಲ್ಲಿಂದ ಶುರು. ಮೋತಿ ಹೊರಳಾಡುವಾಗ ಜಾಗ ಸಾಲದೆಂದು ಬಾದಲ್‌ನನ್ನು ಹಿಂದಿನ ಮನೆಯ ಹಿತ್ತಿಲಿಗೆ ಕಟ್ಟಿಸಿದವನು ನಾನೇ. ಬೇಸಿಗೆ, ಹೊತ್ತೇರಿದರೆ ಹೆಣ ಉಬ್ಬುತ್ತದೆ, ಗಲ್ಲಿಯವರು ಜಗಳಕ್ಕೆ ಬರುತ್ತಾರೆ ಎಂದು ಮೂರಕ್ಕೇ ಫೋನ್ ಮಾಡಿ ಐದರೊಳಗೆ ಲಾರಿ ತರಿಸಿದವನೂ ನಾನೇ. ನೆಲಕ್ಕೆ ಫಿನಾಯಿಲ್ ಹೊಡೆದು ತೊಳೆಸಿ, ಆಮೇಲೆ ಬಾದಲ್‌ನನ್ನು ಕರೆತಂದು ಅದರ ಗೂಟಕ್ಕೆ ಕಟ್ಟಿಸಿದೆ. ಚೊಕ್ಕ ಕೆಲಸ ಮಾಡಿದೆ ಅನ್ನಿಸಿತ್ತು.

ಅಂದಿನಿಂದ ಅದು ಪ್ರತಿ ಟಾಂಗಾಕ್ಕೂ ಕೆನೆಯತೊಡಗಿತು. ಲಾಳದ ಸಪ್ಪಳ ಕೇಳಿದರೆ ಸಾಕು, ಹಗ್ಗ ಬಿಗಿಯುವಷ್ಟು ಮುಂದೆ ಬಂದು ಕರೆಯುವುದು, ಗಾಡಿ ದಾಟಿ ಹೋಗುವ ತನಕ ಕಾಯುವುದು, ಮತ್ತೆ ಕರೆಯುವುದು. ರಾತ್ರಿ ಮಲಗಲಿಲ್ಲ. ಮೂರನೆಯ ದಿನ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ನಿಲ್ಲಿಸಿದೆ. ಮೇಲೆ ನಿಲ್ಲುವ ತಿಳಿ ಒಣಹುಲ್ಲಿನ ಬಣ್ಣಕ್ಕೆ ಇರಬೇಕು. ಇದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು.

ಅದು ಕೊಬ್ಬು. ಹೈಪರ್‌ಲಿಪೀಮಿಯಾ ಅನ್ನುತ್ತೇವೆ. ಸಣ್ಣ ತಳಿಯ ಕುದುರೆ, ಕತ್ತೆಗಳು ಮೇವು ಬಿಟ್ಟರೆ ಮೈಯೊಳಗಿನ ಕೊಬ್ಬು ಕರಗಿ ರಕ್ತಕ್ಕೆ ಹರಿಯುತ್ತದೆ. ಹೆಚ್ಚಾದರೆ ಪಿತ್ತಜನಕಾಂಗ ಕೈಬಿಡುತ್ತದೆ, ಪ್ರಾಣಿ ಸಾಯುತ್ತದೆ. ಮೇವು ಬಿಡಲು ಕಾರಣ ಹಲ್ಲುನೋವೇ ಆಗಬೇಕೆಂದಿಲ್ಲ. ಜೊತೆಗಾರ ಇಲ್ಲವಾದದ್ದೂ ಆಗಬಹುದು. ಕುದುರೆ ದುಃಖಪಡುತ್ತದೆಯೇ ಎಂದು ನಗುವವರಿಗೆ ಆ ನಳಿಗೆಯನ್ನು ತೋರಿಸಬೇಕಿತ್ತು. ಇಂಗ್ಲೆಂಡಿನಲ್ಲಿ 1969ರಿಂದ ಕತ್ತೆಗಳನ್ನು ಸಾಕುತ್ತಿರುವ ಡಾಂಕಿ ಸ್ಯಾಂಕ್ಚುರಿ ಎಂಬ ಸಂಸ್ಥೆ ಇದನ್ನು ಚೆನ್ನಾಗಿ ಬಲ್ಲದು. ಜೋಡಿಯಲ್ಲಿ ಒಂದು ಸತ್ತರೆ ಉಳಿದದ್ದನ್ನು ಹೆಣದ ಬಳಿ ಬಿಡಿ, ಅದಾಗಿಯೇ ಆಸಕ್ತಿ ಕಳೆದುಕೊಳ್ಳುವವರೆಗೆ ಹೆಣ ಎತ್ತಬೇಡಿ ಎನ್ನುತ್ತದೆ. ನಾನು ಇದನ್ನು ಓದಿದ್ದು ಮೋತಿ ಹೋದ ಮೇಲೆ. ಮೊದಲೇ ಓದಬಹುದಿತ್ತು, ಯಾರೂ ಬೇಡವೆಂದಿರಲಿಲ್ಲ.

ನಳಿಗೆಯಿಂದ ಗಂಜಿ, ಗ್ಲೂಕೋಸ್ ಹಾಕಿದೆವು. ಆರನೆಯ ದಿನ ಚಾಚಾ ಎಲ್ಲಿಂದಲೋ ಒಂದು ಆಡು ತಂದು ಮೋತಿಯ ಗೂಟಕ್ಕೆ ಕಟ್ಟಿದರು. ರೇಸ್ ಕುದುರೆಗಳ ಜೊತೆಗೆ ಆಡು ಕಟ್ಟುವ ರೂಢಿ ಹೊರದೇಶಗಳಲ್ಲಿ ಇರುವುದು ಅವರಿಗೆ ಗೊತ್ತಿರಲಿಲ್ಲ. “ಬರೇ ಗ್ವಾಡಿ ನೋಡಕೋತ ನಿಂತರ ಹ್ಯಾಂಗ್ರಿ” ಅಂದರು, ಅಷ್ಟೇ. ಆಡು ಮಹಾ ತುಂಟ. ಹಗ್ಗ ಎಳೆದುಕೊಂಡು ಬಾದಲ್‌ನ ಮುಂದಿದ್ದ ಕುದುರೆ ಮಸಾಲೆ ಸೊಪ್ಪಿಗೇ ಬಾಯಿ ಹಾಕಿತು. ಬಾದಲ್ ಕಿವಿ ಹಿಂದಕ್ಕೆ ಮಡಚಿ ಅದನ್ನು ಮೂತಿಯಿಂದ ತಳ್ಳಿತು. ಆಮೇಲೆ, ಬಿಟ್ಟರೆ ಹೋದೀತೆಂಬಂತೆ, ತಾನೂ ಎರಡು ಎಸಳು ತಿಂದಿತು.

ಬದುಕಿತು. ಆದರೆ ಒಂಬತ್ತು ದಿನ ಗಾಡಿ ಹೊರಬೀಳಲಿಲ್ಲ, ಒಂಬತ್ತು ದಿನದ ದುಡಿಮೆ ಹೋಯಿತು. “ಇನ್ನೊಂದು ಅದಲ್ಲ, ಹೂಡು” ಎಂದವರೇ ಹೆಚ್ಚು. ನಮ್ಮ ಹಳ್ಳಿಗಳಲ್ಲಿ ಎತ್ತು ಸತ್ತರೆ ಅರಿಸಿನ ಕುಂಕುಮ ಹಚ್ಚಿ, ಬಾಜಾ ಬಾರಿಸಿ ಮೆರವಣಿಗೆ ಮಾಡಿ ಹೊಲದಲ್ಲಿ ಹೂಳುತ್ತಾರೆ. ಜೋಡೆತ್ತಿನಲ್ಲಿ ಒಂದು ಹೋದ ರೈತ ಕಟ್ಟೆಯ ಮೇಲೆ ಕೂತು ಅತ್ತರೆ ಯಾರೂ ನಗುವುದಿಲ್ಲ. ಪೇಟೆಯ ಟಾಂಗಾದವನಿಗೆ ಹೊಲವಿಲ್ಲ. ಅವನ ಕುದುರೆಗೆ ಸಿಗುವುದು ಕಸದ ಲಾರಿ.

ಪ್ರಾಣಿಯ ಸಾವಿಗೆ ಮರುಗುವುದೇನು ಹೊಸ ಕಾಲದ ಷೋಕಿಯಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಶಾಸನವೊಂದು ಸಿಕ್ಕಿದೆ. ಗಂಗರ ಬೂತುಗನಿಂದ ಮಣಲೇರ ಎಂಬ ವೀರ ಬೇಡಿ ಪಡೆದ ಕಾಳಿ ಎಂಬ ನಾಯಿ, ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನೆಟ್ಟು, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ತಗಲುತ್ತದೆಂದು ಪೂಜೆಯ ಗೊರವನಿಗೆ ತಾಕೀತನ್ನೂ ಕೆತ್ತಿಸಿದರು. ಸಾವಿರ ವರ್ಷದ ಹಿಂದೆ ನಾಯಿಗೆ ಅಷ್ಟು ಪುರುಸೊತ್ತು ಕೊಟ್ಟ ನಾಡಿನಲ್ಲಿ ನಾನು ಬಾದಲ್‌ಗೆ ಅರ್ಧ ಗಂಟೆ ಕೊಡಲಿಲ್ಲ.

ನಾನು ಕೇಳುವುದೂ ಅರ್ಧ ಗಂಟೆಯನ್ನೇ, ಹೆಚ್ಚೆಂದರೆ ಎರಡು ಗಂಟೆ. ಗ್ಲ್ಯಾಂಡರ್ಸ್, ಆಂಥ್ರಾಕ್ಸ್‌ನಂಥ ಅಂಟುರೋಗದ ಗುಮಾನಿಯಿದ್ದರೆ ಬೇರೆ ಪ್ರಾಣಿ ಹತ್ತಿರ ಸುಳಿಯಬಾರದು. ಅಲ್ಲಿ ಮಾತೇ ಇಲ್ಲ. ಉಳಿದಂತೆ ಹೊಟ್ಟೆಬೇನೆ, ಅಪಘಾತ, ಮುಪ್ಪಿನಲ್ಲಿ ಸತ್ತ ಕುದುರೆಯನ್ನು ಒಡನಾಡಿ ಮೂಸಿ ನೋಡಿದ ಮೇಲೆ ಸಾಗಿಸಿದರೆ ಪಾಲಿಕೆಗಳು ಕಳೆದುಕೊಳ್ಳುವುದೇನು? ವಿಮೆಯಿದ್ದರೆ ಫೋಟೊಕ್ಕೆ, ಮರಣೋತ್ತರ ಪರೀಕ್ಷೆಗೆ ಎಲ್ಲರೂ ಕಾಯುತ್ತಾರಲ್ಲ. ಲಾರಿಯನ್ನು ಯಾವಾಗ ಕರೆಸಬೇಕೆಂದು ಹೇಳುವವನು ಬಹುಮಟ್ಟಿಗೆ ಪಶುವೈದ್ಯನೇ. ಇದು ಮೊದಲು ನಮ್ಮವರು ಕಲಿಯಬೇಕಾದ ಪಾಠ. 2012ರ ಗಣತಿಯಲ್ಲಿ ದೇಶದಲ್ಲಿ ಆರು ಲಕ್ಷಕ್ಕೂ ಮೇಲಿದ್ದ ಕುದುರೆಗಳು 2019ಕ್ಕೆ 3.4 ಲಕ್ಷಕ್ಕೆ ಇಳಿದಿವೆ. ಮೊದಲಾದರೆ ಪಕ್ಕದ ಮನೆಯಲ್ಲೊಂದು ಕುದುರೆ ಇರುತ್ತಿತ್ತು, ದನಿಗೆ ದನಿ ಸಿಗುತ್ತಿತ್ತು. ಈಗ ಎಷ್ಟೋ ಗಲ್ಲಿಗಳಲ್ಲಿ ಉಳಿದ ಕುದುರೆ ಅಂದರೆ ಕಟ್ಟಕಡೆಯ ಕುದುರೆ.

ತಿಂಗಳಾದ ಮೇಲೆ ಚಾಚಾ ಒಂದೇ ಮಾತು ಕೇಳಿದರು: “ಮೋತಿ ಎಲ್ಲಿ ಹೋತು ಅಂತ ಅದಕ್ಕ ಯಾರು ಹೇಳಿದ್ರಿ, ಸಾಹೇಬ್ರ?” ನಾನು ಚಹಾ ಕುಡಿಯುವ ನೆಪದಲ್ಲಿ ತಲೆ ಬಗ್ಗಿಸಿದೆ.

ಎರಡು ವರ್ಷದ ನಂತರ ಇನ್ನೊಂದು ಟಾಂಗಾದ ಮನೆ. ಮುದಿ ಹೆಣ್ಣು ಕುದುರೆ ಬೆಳಗಿನ ಜಾವ ಸತ್ತಿತ್ತು. ಅದರದೇ ಮರಿ, ಈಗ ಎಂಟು ವರ್ಷದ್ದು, ಹೊರಗೆ ಕಟ್ಟಿತ್ತು. ಬಿಚ್ಚಿಸಿದೆ. ಅಷ್ಟರಲ್ಲಿ ಲಾರಿ ಬಂದು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿತು. ಕುದುರೆ ಹೆಣದ ಮೂಗು ಮೂಸಿತು, ಹೊಟ್ಟೆ ಮೂಸಿತು, ಜೂಲನ್ನು ಹಲ್ಲಿನಲ್ಲಿ ಹಿಡಿದು ಎರಡು ಸಲ ಎಳೆಯಿತು, ಮುಂಗಾಲಿನಿಂದ ನೆಲ ಕೆರೆಯಿತು. ಆಮೇಲೆ ಪಕ್ಕದಲ್ಲಿ ಸುಮ್ಮನೆ ನಿಂತುಕೊಂಡಿತು. ಡ್ರೈವರ್ ಬೈಯಲೆಂದೇ ಇಳಿದು ಒಳಗೆ ಬಂದ. ಬಾಗಿಲಲ್ಲಿ ನಿಂತು ನೋಡಿದ. ವಾಪಸು ಹೋಗಿ ಇಂಜಿನ್ ಬಂದ್ ಮಾಡಿ, ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ. ಮುಕ್ಕಾಲು ಗಂಟೆಯಾದ ಮೇಲೆ ಕುದುರೆ ತಾನಾಗಿಯೇ ತಿರುಗಿ ಮೇವಿನ ಕಡೆ ನಡೆಯಿತು. ಅಷ್ಟರಲ್ಲಿ ಅವನು ಮೂರನೆಯ ಬೀಡಿಯಲ್ಲಿದ್ದ.