ಮರಳುವ ಗಾಡಿಯನ್ನೇರುವ ಮೃತ್ಯು



ಚನ್ನರಾಯಪಟ್ಟಣದ ಸೀಮೆಯ ರೈತನು ರೇಷ್ಮೆಗೂಡನ್ನು ಚೀಲಕ್ಕೆ ತುಂಬಿ ವಿಜಯಪುರದ ಮಾರುಕಟ್ಟೆಗೆ ಒಯ್ಯುತ್ತಾನೆ. ಮರಳುವಾಗ ಅದೇ ಗಾಡಿಯಲ್ಲಿ ಮನೆಗೆ ಬೇಕಾದ ಸಾಮಾನು ತರುತ್ತಾನೆ. ನಮ್ಮ ಶರೀರದೊಳಗೂ ಇಂಥದೇ ಸಾಗಾಟ ಹಗಲಿರುಳೂ ನಡೆದಿದೆಯೆಂಬುದನ್ನು ಬಲ್ಲವರು ವಿರಳ.

ಬೆನ್ನುಹುರಿಯಿಂದ ಪಾದದವರೆಗೆ ಚಾಚಿದ ಒಂದು ನರಕೋಶದ ಎಳೆ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅದರ ತುದಿಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ತಯಾರಾಗುವುದು ಮೇಲೆ, ಕೋಶದ ಒಡಲಿನಲ್ಲಿ. ಅದನ್ನು ಹೊತ್ತು ತರುವವರಾರು? 1985ರಲ್ಲಿ ಅಮೆರಿಕದ ರೊನಾಲ್ಡ್ ವೇಲ್ ಮತ್ತು ಸಂಗಡಿಗರು ಸ್ಕ್ವಿಡ್ ಎಂಬ ಕಡಲಜೀವಿಯ ನರದಲ್ಲಿ ಆ ಹಮಾಲಿಯನ್ನು ಗುರುತಿಸಿ ಕೈನೆಸಿನ್ ಎಂದು ಹೆಸರಿಟ್ಟರು. ಅದೂ ಒಂದು ಪ್ರೋಟೀನೇ. ಮೂಟೆ ಹೊತ್ತು ಎರಡು ಕಾಲುಗಳಿಂದ ಸೂಕ್ಷ್ಮನಾಳದ ಮೇಲೆ ನಡೆಯುತ್ತದೆ. ಹೆಜ್ಜೆಯ ಅಳತೆ 8 ನ್ಯಾನೋಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎಂಟು ಪಾಲು! ಹೆಜ್ಜೆಗೊಂದರಂತೆ ಎ.ಟಿ.ಪಿ. ಎಂಬ ಇಂಧನದ ಕಣ ವೆಚ್ಚವಾಗುತ್ತದೆ. ತುದಿಯಿಂದ ಒಡಲಿನ ಕಡೆಗೆ ಹೊತ್ತು ಮರಳುವ ಹಮಾಲಿ ಬೇರೆ, ಅದರ ಹೆಸರು ಡೈನೀನ್. ದೇವನಹಳ್ಳಿಯಿಂದ ಬೆಂಗಳೂರಿಗೆ ಹೋಗುವಾಗ ನಾವೆಲ್ಲ ಬಸ್ಸಿನಲ್ಲಿ ಹಾದುಹೋಗುವ ಜಿ.ಕೆ.ವಿ.ಕೆ. ಆವರಣದಲ್ಲಿಯೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಸಂಧ್ಯಾ ಕೌಶಿಕ ಅವರು ಹಿಂದೆ ಅಲ್ಲಿದ್ದಾಗ ಪುಟ್ಟ ಹುಳುವಿನ ನರದಲ್ಲಿ ಈ ಸಾಗಾಟವನ್ನು ಅಭ್ಯಸಿಸಿದರು.

ಇದನ್ನು ಇಷ್ಟು ವಿವರಿಸಲು ಕಾರಣವುಂಟು. ಹುಚ್ಚುನಾಯಿಯ ಜೊಲ್ಲಿನಲ್ಲಿರುವ ರೇಬೀಸ್ ವೈರಾಣುವಿಗೆ ಸ್ವಂತ ಕಾಲಿಲ್ಲ. ಅದು ಗಾಯದ ಬಳಿ ನರದ ತುದಿಯನ್ನು ಹೊಕ್ಕು, ಮರಳುವ ಗಾಡಿಯನ್ನೇರಿ ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಸೇರುತ್ತದೆ. ರೋಗಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುವುದರಿಂದ ಜನ ಮೈಮರೆಯುತ್ತಾರೆ. ಲಕ್ಷಣ ಕಂಡ ಬಳಿಕ ಬದುಕುಳಿದವರು ಅತ್ಯಪರೂಪ. ಮುಖಕ್ಕೆ ಕಚ್ಚಿದರೆ ದಾರಿ ಇನ್ನೂ ಹತ್ತಿರ.

ಆದುದರಿಂದ ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಹಚ್ಚುವುದನ್ನೂ, ದಾರ ಕಟ್ಟಿಸಿ ದೇವರ ಮೇಲೆ ಭಾರ ಹಾಕಿ ಕೂರುವುದನ್ನೂ ನಾವು ಒಪ್ಪಲಾರೆವು. ಅದು ಭಕ್ತಿಯಲ್ಲ, ಉದಾಸೀನ. ವೈರಾಣು ಗಾಡಿ ಹತ್ತುವ ಮುನ್ನವೇ ಅದನ್ನು ತಡೆಯಬೇಕು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು, ಅಂದೇ ಆಸ್ಪತ್ರೆಗೆ ಹೋಗಿ ಮೊದಲ ಚುಚ್ಚುಮದ್ದು ಪಡೆಯಬೇಕು, ಉಳಿದವುಗಳನ್ನು ತಪ್ಪಿಸಬಾರದು. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕೆಂಬುದನ್ನು ವೈದ್ಯರಲ್ಲಿ ಕೇಳಿ ಹಾಕಿಸಿಕೊಳ್ಳಬೇಕು.

ಮಕ್ಕಳು ಬೈಗುಳಕ್ಕೆ ಹೆದರಿ ನಾಯಿ ಪರಚಿದ್ದನ್ನು ಮುಚ್ಚಿಡುವುದುಂಟು. ಸಂಜೆ ಕೈಕಾಲು ತೊಳೆಸುವಾಗ ತಾಯಂದಿರು ಗದರದೆ ಒಮ್ಮೆ ನೋಡಲಿ.