ಮನೆಯೊಳಗಿನ ವೈಫೈ ದೋಷಕ್ಕೂ ಸೇವಾದಾತರನ್ನು ಹೊಣೆಯಾಗಿಸುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನವದೆಹಲಿ
(ಬೆಂಗಳೂರಿನ ಪ್ರಾದೇಶಿಕ ಕಚೇರಿಯ ಮೂಲಕ)

ವಿಷಯ: ಬ್ರಾಡ್‌ಬ್ಯಾಂಡ್ ಕಂಪನಿಗಳು ಒದಗಿಸುವ ವೈಫೈ ರೂಟರ್‌ಗಳ ದೋಷಪತ್ತೆ, ದುರಸ್ತಿ ಹಾಗೂ ಬದಲಾವಣೆಗೆ ಕಡ್ಡಾಯ ನಿಯಮ ರೂಪಿಸುವ ಕುರಿತು.

ಮಾನ್ಯರೆ,

ಪ್ರಾಧಿಕಾರವು 2024ರಲ್ಲಿ ಹೊರಡಿಸಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ತಂದ ಸೇವಾ ಗುಣಮಟ್ಟದ ನಿಯಮಾವಳಿಯು ದೋಷ ದುರಸ್ತಿಯ ಅವಧಿ, ದತ್ತಾಂಶ ತಲುಪುವಲ್ಲಿನ ವಿಳಂಬ ಮತ್ತು ದಾರಿಯಲ್ಲಿ ಕಳೆದುಹೋಗುವ ಪ್ಯಾಕೆಟ್‌ಗಳ ಪ್ರಮಾಣಕ್ಕೆ ಮಾನದಂಡಗಳನ್ನು ವಿಧಿಸಿರುವುದು ಸ್ವಾಗತಾರ್ಹ. ಆದರೆ ಈ ಮಾನದಂಡಗಳು ಕಂಪನಿಯ ಜಾಲವನ್ನು ಅಳೆಯುತ್ತವೆಯೇ ಹೊರತು, ಗೋಡೆಯ ಮೇಲಿನ ಪೆಟ್ಟಿಗೆಯಿಂದ ಮನೆಮಂದಿಯ ಮೊಬೈಲ್‌ವರೆಗಿನ ಕೆಲವೇ ಮೀಟರ್‌ಗಳ ನಿಸ್ತಂತು ಹಾದಿಯನ್ನು ಅಳೆಯುವುದಿಲ್ಲ. ಆ ಪೆಟ್ಟಿಗೆಯನ್ನು ಕೊಡುವುದೂ ಅದಕ್ಕೆ ಬೀಗಹಾಕುವುದೂ ಕಂಪನಿಯೇ ಆಗಿರುವಾಗ, ಅದರ ದೋಷದ ಹೊಣೆ ಮಾತ್ರ ಚಂದಾದಾರನ ಪಾಲಿಗೆ ಉಳಿಯುವುದು ನ್ಯಾಯವಲ್ಲ ಎಂಬುದು ಈ ಮನವಿಯ ಸಾರ.

ಸಂಪರ್ಕ ಎಲ್ಲಿ ಕಡಿಯುತ್ತಿದೆ ಎಂಬುದನ್ನು ಗುರುತಿಸುವುದು ಕಷ್ಟದ ಕೆಲಸವಲ್ಲ. ಫೈಬರ್ ಎಳೆಯ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ, ಒಎನ್‌ಟಿ ಎಂದು ಕರೆಯಲಾಗುವ ಸಾಧನದಲ್ಲಿ 'ಲಾಸ್' ದೀಪ ಕೆಂಪಗೆ ಹೊತ್ತಿದ್ದರೆ ಬೆಳಕು ಮನೆಯವರೆಗೆ ಬರುತ್ತಿಲ್ಲವೆಂದೇ ಅರ್ಥ. ಆ ದೀಪ ಆರಿದ್ದು, ಲ್ಯಾನ್ ಕೇಬಲ್ ಮೂಲಕ ಜೋಡಿಸಿದ ಲ್ಯಾಪ್‌ಟಾಪ್‌ನಲ್ಲಿ ವೇಗ ಸರಿಯಾಗಿದ್ದೂ ವೈಫೈ ಮಾತ್ರ ಕಡಿಯುತ್ತಿದ್ದರೆ ದೋಷ ನಿಸ್ತಂತು ಭಾಗದಲ್ಲಿದೆ. ಕೇಬಲ್‌ನಲ್ಲೂ ಸಂಪರ್ಕ ಕಡಿದು ಪೆಟ್ಟಿಗೆಯ ಎಲ್ಲ ದೀಪಗಳೂ ಒಮ್ಮೆಲೇ ಆರಿ ಹೊತ್ತುತ್ತಿದ್ದರೆ, ಹಳತಾದ ಅಡಾಪ್ಟರ್ ಅಥವಾ ಮುಚ್ಚಿದ ಕಪಾಟಿನೊಳಗಿನ ಬಿಸಿಯನ್ನು ಮೊದಲು ಶಂಕಿಸಬೇಕು. ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಪರೀಕ್ಷೆಯನ್ನು ನಡೆಸದೆಯೇ, 'ಲೈನ್ ಸರಿಯಿದೆ, ರೂಟರ್ ಆಫ್ ಮಾಡಿ ಆನ್ ಮಾಡಿ' ಎಂಬ ಸಲಹೆಯೊಂದಿಗೆ ದೂರು ಮುಕ್ತಾಯವಾಯಿತೆಂದು ದಾಖಲಿಸುವ ರೂಢಿಯನ್ನು ಪ್ರಾಧಿಕಾರವು ನಿಲ್ಲಿಸಬೇಕು. ಕೇಬಲ್ ಮತ್ತು ವೈಫೈ ಎರಡರ ಅಳತೆಯೂ ದೂರಿನ ಕ್ರಮಸಂಖ್ಯೆಯೊಡನೆ ದಾಖಲಾಗಿ, ಚಂದಾದಾರನ ಒಪ್ಪಿಗೆ ಸಿಕ್ಕ ಮೇಲೆಯೇ ದೂರು ಮುಕ್ತಾಯವಾಗಬೇಕು.

ನಿಸ್ತಂತು ಭಾಗದ ತೊಡಕನ್ನು ಇನ್ನಷ್ಟು ವಿವರಿಸುವುದು ಅಗತ್ಯ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಅಗಲ 83.5 ಮೆಗಾಹರ್ಟ್ಸ್ ಮಾತ್ರ. ಇದರಲ್ಲಿ 13 ಚಾನೆಲ್‌ಗಳನ್ನು ಗುರುತಿಸಿದ್ದರೂ ಅವು ಒಂದರ ಮೇಲೊಂದು ಹರಡಿಕೊಂಡಿರುವುದರಿಂದ, ಪರಸ್ಪರ ಅಡ್ಡಿಯಾಗದಂತೆ ಒಟ್ಟಿಗೆ ಬಳಸಲು ಸಿಗುವುದು 1, 6, 11ರಂತಹ ಮೂರೇ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಮಹಡಿಯಲ್ಲಿ ಹತ್ತಾರು ರೂಟರ್‌ಗಳು ಈ ಮೂರರಲ್ಲೇ ಸರದಿ ಕಾಯುತ್ತಿರುವಾಗ, ಅದೇ ಪಟ್ಟಿಯಲ್ಲಿ ಕೆಲಸ ಮಾಡುವ ಬ್ಲೂಟೂತ್ ಸಾಧನಗಳೂ ಮೈಕ್ರೋವೇವ್ ಒಲೆಗಳೂ ಸೇರಿಕೊಂಡರೆ ಸಂಪರ್ಕ ತಡವರಿಸುವುದು ಸಹಜ. ಇದಕ್ಕೆ ಪರಿಹಾರವಾಗಿ ಕೇಂದ್ರ ಸರ್ಕಾರವು 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್‌ಗಳನ್ನು ಪರವಾನಗಿಯಿಲ್ಲದೆ ಬಳಸಲು ಮುಕ್ತಗೊಳಿಸಿತು. ಈ ಪಟ್ಟಿಯ ಅಲೆಗಳು ಕಾಂಕ್ರೀಟ್ ಅಥವಾ ಸೈಜುಗಲ್ಲಿನ ಗೋಡೆ ದಾಟುವಾಗ ಬೇಗ ಕ್ಷೀಣಿಸುತ್ತವೆಯಾದರೂ, ರೂಟರ್ ಇರುವ ಕೋಣೆಯಲ್ಲಿ ಅವುಗಳಷ್ಟು ನೆಚ್ಚಬಹುದಾದದ್ದು ಬೇರೊಂದಿಲ್ಲ. ಹೀಗಿದ್ದೂ ಸೆಕೆಂಡಿಗೆ 100 ಮೆಗಾಬಿಟ್‌ಗಿಂತ ಹೆಚ್ಚಿನ ವೇಗದ ಯೋಜನೆಗೆ ಹಣ ಪಡೆದು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಪೆಟ್ಟಿಗೆಯನ್ನು ಅಳವಡಿಸುವುದು ಗ್ರಾಹಕನನ್ನು ದಾರಿ ತಪ್ಪಿಸಿದಂತೆಯೇ. ಅಂತಹ ಯೋಜನೆಗಳೊಡನೆ ಎರಡೂ ಪಟ್ಟಿಗಳ ರೂಟರ್ ಕೊಡುವುದನ್ನು ಕಡ್ಡಾಯಗೊಳಿಸಬೇಕು. ಅದರ ಲ್ಯಾನ್ ಪೋರ್ಟಿನ ಗರಿಷ್ಠ ವೇಗವನ್ನೂ ಬಿಲ್ಲಿನಲ್ಲಿ ಕನ್ನಡದಲ್ಲಿ ನಮೂದಿಸಬೇಕು.

ಇನ್ನು ಬೀಗದ ವಿಚಾರ. ಚಾನೆಲ್ ಬದಲಿಸಲು ರೂಟರ್‌ನ ಆಡಳಿತ ಪುಟ ತೆರೆಯಬೇಕು. ಅದರ ಪಾಸ್‌ವರ್ಡ್ ಅನ್ನು ಹಲವೆಡೆ ಚಂದಾದಾರರಿಗೆ ನೀಡುವುದೇ ಇಲ್ಲ. ಟಿಆರ್-069 ಎಂಬ ದೂರನಿರ್ವಹಣಾ ವಿಧಾನದ ಮೂಲಕ ತನ್ನ ಕಚೇರಿಯಿಂದಲೇ ಪೆಟ್ಟಿಗೆಯ ವ್ಯವಸ್ಥೆಗಳನ್ನು ತಿದ್ದಬಲ್ಲ ಕಂಪನಿಯು, ಆ ಅಧಿಕಾರದ ಒಂದು ಪಾಲನ್ನೂ ಮನೆಯವರಿಗೆ ಬಿಡದೆ, ವೈಫೈ ತನ್ನ ಜವಾಬ್ದಾರಿಯಲ್ಲ ಎನ್ನಲಾಗದು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಚಂದಾದಾರರು ತಮಗೆ ಬೇಕಾದ ರೂಟರ್ ಬಳಸುವ ಹಕ್ಕನ್ನು ಕಾನೂನು ರಕ್ಷಿಸಿದೆ; ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ, ಇಂತಹ ಸಾಧನಗಳಿಗೆ ಸುರಕ್ಷತಾ ಪರಿಷ್ಕರಣೆಗಳು ಎಷ್ಟು ಕಾಲ ದೊರೆಯುತ್ತವೆ ಎಂಬುದನ್ನು ತಯಾರಕರು ಪ್ರಕಟಿಸಲೇಬೇಕು. ಈ ಎರಡೂ ಹಕ್ಕುಗಳು ಇಲ್ಲಿನ ಚಂದಾದಾರರಿಗೂ ಸಲ್ಲಬೇಕು. ಪರಿಷ್ಕರಣೆ ನಿಂತುಹೋದ ಪೆಟ್ಟಿಗೆಯು ಕಳ್ಳನೋಟಕ್ಕೆ ತೆರೆದ ಬಾಗಿಲಾಗುವುದರಿಂದ, ಅದನ್ನು ಕಂಪನಿಯೇ ಉಚಿತವಾಗಿ ಬದಲಿಸಬೇಕು.

ಲೈನಿನ ದೋಷಕ್ಕೆ ಅನ್ವಯಿಸುವ ಬಾಡಿಗೆ ರಿಯಾಯಿತಿಯನ್ನು ಕಂಪನಿ ಕೊಟ್ಟ ರೂಟರ್‌ನ ದೋಷಕ್ಕೂ ವಿಸ್ತರಿಸಬೇಕು. ಪಾಠ, ದುಡಿಮೆ, ವೈದ್ಯರ ಸಲಹೆ ಎಲ್ಲವೂ ಈ ಸಂಪರ್ಕವನ್ನೇ ನೆಚ್ಚಿರುವ ಮನೆಗಳಿಗೆ, ತಂತಿಯಲ್ಲಿ ದೋಷವೋ ಪೆಟ್ಟಿಗೆಯಲ್ಲಿ ದೋಷವೋ ಎಂಬುದರಿಂದ ನಷ್ಟವೇನೂ ಕಡಿಮೆಯಾಗುವುದಿಲ್ಲ.

ಮೇಲಿನ ಬೇಡಿಕೆಗಳನ್ನು ಒಳಗೊಂಡ ಸಮಾಲೋಚನಾ ಪತ್ರವೊಂದನ್ನು ಶೀಘ್ರವಾಗಿ ಪ್ರಕಟಿಸಿ, ಅದಕ್ಕೆ ಕನ್ನಡದಲ್ಲಿ ಬರುವ ಅಭಿಪ್ರಾಯಗಳನ್ನೂ ಸ್ವೀಕರಿಸಬೇಕೆಂದು ಪ್ರಾಧಿಕಾರವನ್ನು ಕೋರಲಾಗಿದೆ.

ಇಂತಿ,
ಕರ್ನಾಟಕದ ಗೃಹ ಬ್ರಾಡ್‌ಬ್ಯಾಂಡ್ ಚಂದಾದಾರರು